ಎಂಬತ್ತೇಳು ದಿನದ ದೊರೆ

ರೋಮ್ ಸಾಮ್ರಾಜ್ಯವನ್ನಾಳಿದವರಲ್ಲಿ ಒಬ್ಬ ಶಾಲಾಮಾಸ್ತರನೂ ಇದ್ದನೆಂದರೆ ವಾಚಕರಿಗೆ ಸೋಜಿಗವೆನಿಸೀತು. ಆತನ ಹೆಸರು ಪರ್ಟಿನ್ಯಾಕ್ಸ್. ಹುಟ್ಟಿದ್ದು ಕ್ರಿ. ಶ. 126ರಲ್ಲಿ, ಉತ್ತರ ಇಟಲಿಯಲ್ಲಿ. ತಂದೆ ದಾಸ್ಯದಿಂದ ಬಿಡುಗಡೆ ಹೊಂದಿದವನು. ವ್ಯಾಕರಣ ಕಲಿಸಿ ಹೊಟ್ಟೆ ತುಂಬಲಿಲ್ಲವೆಂದು ಮಗ ಸೈನ್ಯ ಸೇರಿದನು. (ಮಾಸ್ತರರ ಸಂಬಳದ ಕಥೆ ಬಹಳ ಹಳೆಯದು!) ಸಿರಿಯಾ, ಬ್ರಿಟನ್, ಡ್ಯಾನ್ಯೂಬ್ ತೀರ ಎಂದು ದೇಶ ಸುತ್ತಿ, ಕಡೆಗೆ ರೋಮ್ ನಗರದ ಮುಖ್ಯಾಧಿಕಾರಿಯಾದನು.

ಆಗಿನ ಚಕ್ರವರ್ತಿ ಕೊಮೊಡಸ್, ಅಖಾಡಕ್ಕಿಳಿದು ಕತ್ತಿವರಸೆಯಾಡುತ್ತ ಬೊಕ್ಕಸವನ್ನು ನೀರಿನಂತೆ ಸುರಿದವನು. 192ರ ಡಿಸೆಂಬರ್ 31ರ ರಾತ್ರಿ ಅವನ ಆಪ್ತರೇ ಅವನನ್ನು ಕೊಲ್ಲಿಸಿ ನೇರವಾಗಿ ಪರ್ಟಿನ್ಯಾಕ್ಸನಲ್ಲಿಗೆ ಬಂದರು. ತನ್ನ ಕಾಲವೂ ಮುಗಿಯಿತೆಂದೇ 66 ವರ್ಷದ ಮುದುಕನು ಭಾವಿಸಿದನಂತೆ. ರಾಜ್ಯವೇ ನಿಮ್ಮದು ಎಂದಾಗಲೂ ನಂಬದೆ, ನೆಚ್ಚಿನವನೊಬ್ಬನನ್ನು ಕಳುಹಿಸಿ ಹೆಣವನ್ನು ನೋಡಿಸಿದ ಮೇಲೆಯೇ ಒಪ್ಪಿದನು.

ಸಂಘ ಸಂಸ್ಥೆಗಳಲ್ಲಿ ಖಜಾಂಚಿಯಾಗಿದ್ದವರಿಗೆ, ಹಿಂದಿನವರು ಬಿಟ್ಟುಹೋದ ಪೆಟ್ಟಿಗೆಯನ್ನು ತೆರೆಯುವಾಗಿನ ಎದೆಬಡಿತ ಗೊತ್ತು. ಅಂಥ ದೊಡ್ಡ ಸಾಮ್ರಾಜ್ಯದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಬರಿಯ ಹತ್ತು ಲಕ್ಷ ಸೆಸ್ಟರ್ಸ್ ನಾಣ್ಯ. ಅರಮನೆಯ ಕಾವಲುಪಡೆಯ ಪ್ರತಿಯೊಬ್ಬ ಸಿಪಾಯಿಗೂ ಆತನು ಕೊಡಲೊಪ್ಪಿದ್ದ ಕಾಣಿಕೆಯೋ 12,000! ಲೆಕ್ಕ ಹಾಕಿದರೆ ಇದ್ದ ಹಣ 83 ಮಂದಿಗೆ ಸಾಕು. ಪಡೆಯಲ್ಲಿದ್ದವರು ಸಾವಿರಾರು ಮಂದಿ.

ಮಾಸ್ತರನು ಮಾಡಿದ್ದೇನು? ಕೊಮೊಡಸನ ಕುದುರೆ, ಆಯುಧ, ವಿಗ್ರಹ, ಪೀಠೋಪಕರಣಗಳನ್ನೆಲ್ಲ ಹರಾಜು ಹಾಕಿಸಿದನು. ಹೋದ ದೂರವನ್ನು ತಾನೇ ಅಳೆಯುವ ರಥಗಳೂ ಅದರಲ್ಲಿದ್ದುವೆಂದು ಒಂದು ಹಳೆಯ ಚರಿತ್ರೆ ಹೇಳುತ್ತದೆ. ಹೆಂಡತಿಗೆ ಸಾಮ್ರಾಜ್ಞಿಯ ಬಿರುದು ಬೇಡವೆಂದನು, ಮಗನಿಗೆ ಯುವರಾಜ ಪದವಿಯೂ ಬೇಡವೆಂದನು. ಈ ಮಿತವ್ಯಯವನ್ನು ಜಿಪುಣತನವೆಂದು ಆಡಿಕೊಂಡವರೂ ಇದ್ದರು. ಸಿಪಾಯಿಗಳಿಗೆ ಹಣವೇನೋ ಮುಟ್ಟಿತು. ಆದರೆ ಲೂಟಿಗೂ ಸ್ವೇಚ್ಛೆಗೂ ಕಡಿವಾಣ ಬಿತ್ತು. ಅದನ್ನು ಅವರು ಸಹಿಸಲಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ತಿದ್ದಹೊರಟದ್ದೇ ತಪ್ಪೆಂದು, ಆತನನ್ನು ಕಣ್ಣಾರೆ ಕಂಡ ಚರಿತ್ರೆಕಾರ ಡಿಯೊ ಬರೆದಿದ್ದಾನೆ. ಇರಬಹುದು. ಆದರೆ ಮೆಲ್ಲಗೆ ತಿದ್ದುವಷ್ಟು ವ್ಯವಧಾನವನ್ನು ಆ ಖಾಲಿ ಪೆಟ್ಟಿಗೆ ಕೊಟ್ಟೀತೆ?

193ರ ಮಾರ್ಚ್ 28ರಂದು ಇನ್ನೂರು ಸಿಪಾಯಿಗಳು ಕತ್ತಿ ಹಿರಿದು ಅರಮನೆಗೆ ನುಗ್ಗಿದರು. ಅಡಗಿಕೊಳ್ಳಬಹುದಾಗಿತ್ತು, ರಾತ್ರಿ ಪಹರೆಯವರನ್ನು ಕರೆದು ಕೊಲ್ಲಿಸಲೂಬಹುದಾಗಿತ್ತು. ಮುದುಕನು ಎದುರಿಗೇ ಬಂದು ಮಾತನಾಡಿದನು, ಪುಂಡ ಹುಡುಗರಿಗೆ ಬುದ್ಧಿ ಹೇಳುವಂತೆ. ತಲೆ ತಗ್ಗಿಸಿ ಕತ್ತಿಯನ್ನು ಒರೆಗೆ ಸೇರಿಸಿದರಂತೆ ಕೂಡ! ಅಷ್ಟರಲ್ಲಿ ಒಬ್ಬನು ಮುನ್ನುಗ್ಗಿ ಇರಿದನು.

ಆಮೇಲೆ ಆ ಸಿಪಾಯಿಗಳು ರಾಜ್ಯವನ್ನೇ ಹರಾಜು ಕೂಗಿದರು. ತಲೆಗೆ 25,000 ಕೊಡುತ್ತೇನೆಂದ ಡಿಡಿಯಸ್ ಜೂಲಿಯಾನಸ್ ಗೆದ್ದು, 66 ದಿನ ಆಳಿ, ಅವನೂ ಕೊಲೆಯಾದನು. ದಂಡೆತ್ತಿ ಬಂದ ಸೆವೆರಸ್ ಆ ಪಡೆಯನ್ನೇ ವಿಸರ್ಜಿಸಿ, ಪರ್ಟಿನ್ಯಾಕ್ಸನಿಗೆ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿದನು. ರೋಮಿನ ನಡುಚೌಕದಲ್ಲಿ ಆತನ ಮೇಣದ ಪ್ರತಿಮೆಯನ್ನು ಮಲಗಿಸಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ನಿಂತು, ದೊರೆಯು ನಿದ್ರಿಸುತ್ತಿದ್ದಾನೇನೋ ಎಂಬಂತೆ, ನವಿಲುಗರಿಯಿಂದ ನೊಣಗಳನ್ನು ಓಡಿಸುತ್ತಿದ್ದನಂತೆ.