ನುಡಿಯ ಗಡಿಯಲ್ಲಿ ನಮ್ಮ ಯುವಜನರು

ಪವಿತ್ರ ಬೈಬಲಿನ ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ದಾರುಣ ಪ್ರಸಂಗವಿದೆ. ಯುದ್ಧದಲ್ಲಿ ಸೋತು ಓಡುತ್ತಿದ್ದ ಎಫ್ರಯಿಮರನ್ನು ಗಿಲ್ಯಾದಿನವರು ಜೋರ್ಡನ್ ನದಿಯ ಕಡವಿನಲ್ಲಿ ತಡೆದು 'ಷಿಬ್ಬೋಲೆತ್' ಎಂಬ ಒಂದು ಪದವನ್ನು ಹೇಳಿಸಿದರು. ನಾಲಿಗೆ ತಿರುಗದೆ 'ಸಿಬ್ಬೋಲೆತ್' ಎಂದವನು ಅಲ್ಲಿಯೇ ಹತನಾದನು. ಹೊರದೇಶಗಳ ವಿಶ್ವವಿದ್ಯಾನಿಲಯಗಳ ಬಾಗಿಲಲ್ಲಿ ನಿಂತಿರುವ ನಮ್ಮ ತರುಣ ತರುಣಿಯರನ್ನು ಕಂಡಾಗ ಈ ಪ್ರಸಂಗ ನೆನಪಾಗುತ್ತದೆ.

ಹೋಲಿಕೆ ಪರಿಪೂರ್ಣವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಉಪನ್ಯಾಸವನ್ನು ಗ್ರಹಿಸಲಾರದ, ಪ್ರಬಂಧವನ್ನು ಬರೆಯಲಾರದ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು ಅವನಿಗೇ ಮಾಡುವ ಅನ್ಯಾಯ. ಅಮೆರಿಕದ ಟೋಫೆಲ್ ಪರೀಕ್ಷೆ 1964ರಿಂದ, ಐ.ಇ.ಎಲ್.ಟಿ.ಎಸ್. 1989ರಿಂದ ಈ ಸಾಮರ್ಥ್ಯವನ್ನೇ ಅಳೆಯುತ್ತ ಬಂದಿವೆ. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೆ 9ರ ಮಾಪನದಲ್ಲಿ ಅಂಕ ನೀಡುವ ಎರಡನೆಯ ಪರೀಕ್ಷೆಯೇ ನಮ್ಮಲ್ಲಿ ಹೆಚ್ಚು ಪರಿಚಿತ. ಇದರ ಶುಲ್ಕ 15,000 ರೂಪಾಯಿಗೂ ಅಧಿಕ. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಮಾನ್ಯತೆ.

ತರ್ಕಶಾಸ್ತ್ರವು ಅಗತ್ಯ ನಿಬಂಧನೆಯನ್ನೂ ಸಾಕಾಗುವ ನಿಬಂಧನೆಯನ್ನೂ ಪ್ರತ್ಯೇಕಿಸುತ್ತದೆ. ಬೆಳೆಗೆ ಮಳೆ ಅಗತ್ಯ, ಮಳೆಯೊಂದೇ ಸಾಲದು. "ಆರೂವರೆ ಬಂದರೆ ಸಾಕು ಫಾದರ್, ಮಗ ಹೋದ ಹಾಗೆಯೇ" ಎನ್ನುವ ಹೆತ್ತವರು ಈ ಭೇದವನ್ನು ಮರೆಯುತ್ತಾರೆ. ಪ್ರವೇಶ ನೀಡುವುದು ವಿಶ್ವವಿದ್ಯಾನಿಲಯ. ವೀಸಾ ನೀಡುವುದು ಸರಕಾರ. ಆಸ್ಟ್ರೇಲಿಯವು 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಕನಿಷ್ಠ ಅಂಕವನ್ನು 5.5ರಿಂದ 6ಕ್ಕೆ ಏರಿಸಿತು. ಕೆನಡಾ ಅದೇ ವರ್ಷದ ಜನವರಿಯಲ್ಲಿ ಅಧ್ಯಯನ ಪರವಾನಗಿಗಳ ಸಂಖ್ಯೆಗೆ ಮಿತಿ ಹೇರಿ, ನವೆಂಬರ್‌ನಲ್ಲಿ ಭಾರತೀಯರೂ ಬಳಸುತ್ತಿದ್ದ ತ್ವರಿತ ವೀಸಾ ಮಾರ್ಗವನ್ನು ಮುಚ್ಚಿತು. ಅಂಕ ಬದಲಾಗದಿದ್ದರೂ ಅಂಕದ ಬೆಲೆ ಬದಲಾಯಿತು.

ಇದಕ್ಕಿಂತಲೂ ಗಂಭೀರವಾದ ಪಾಠ ಬ್ರಿಟನ್ನಿನದು. ಅಲ್ಲಿ ನಡೆಯುತ್ತಿದ್ದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಹಣ ಕೊಟ್ಟವರ ಪರವಾಗಿ ಬೇರೆಯವರು ಪರೀಕ್ಷೆ ಬರೆಯುತ್ತಿದ್ದುದನ್ನು 2014ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ಬಯಲಿಗೆಳೆಯಿತು. ವಂಚನೆ ನಡೆದಿತ್ತೆಂಬುದು ನಿಜ. ಆದರೆ ಪರೀಕ್ಷೆ ನಡೆಸಿದ ಸಂಸ್ಥೆಯು ಸುಮಾರು 34,000 ಫಲಿತಾಂಶಗಳು ಅಸಿಂಧುವೆಂದೂ, ಇನ್ನೂ 22,000ಕ್ಕೂ ಹೆಚ್ಚು ಸಂಶಯಾಸ್ಪದವೆಂದೂ ತಿಳಿಸಿತು. ಅದರ ಆಧಾರದ ಮೇಲೆ ಸರಕಾರ ಸಾವಿರಾರು ವೀಸಾಗಳನ್ನು ರದ್ದುಗೊಳಿಸಿತು. ಬಾಧಿತರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ವಿದ್ಯಾರ್ಥಿಗಳು ಅನೇಕರಿದ್ದರು. ನಿರಪರಾಧಿಗಳೂ ಆರೋಪಕ್ಕೆ ಗುರಿಯಾಗಿರಬಹುದೆಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ 2019ರಲ್ಲಿ ಹೇಳಿತು. ಸುಳ್ಳಾಡಿದವನ ಪಾಪದ ಸಾಲವನ್ನು ಸತ್ಯವಂತನೂ ತೀರಿಸಬೇಕಾಯಿತು. ವ್ಯಕ್ತಿಯೊಬ್ಬನ ವಿಚಾರಣೆ ನಡೆಸದೆ ಗುಂಪನ್ನೇ ಶಿಕ್ಷಿಸುವುದು ಜೋರ್ಡನ್ ಕಡವಿನ ನ್ಯಾಯವಲ್ಲದೆ ಮತ್ತೇನು?

ಹಾಗಾದರೆ ನಮ್ಮ ಕರ್ತವ್ಯವೇನು? ಮೊದಲನೆಯದಾಗಿ, ಯಾವ ಪರೀಕ್ಷೆ, ಎಷ್ಟು ಅಂಕ ಎಂಬುದನ್ನು ಮಧ್ಯವರ್ತಿಯ ಬಾಯಿಂದಲ್ಲ, ವಿಶ್ವವಿದ್ಯಾನಿಲಯದಿಂದಲೇ ಅರಿಯಬೇಕು. ತೋಟವನ್ನು ಅಡವಿಡುವ ಮುನ್ನ ವೀಸಾ ನಿಯಮವನ್ನು ಓದಬೇಕು. ಎರಡನೆಯದಾಗಿ, ಅಡ್ಡದಾರಿಯ ಆಮಿಷಕ್ಕೆ ಮಣಿಯಬಾರದು. ಅದು ಪಕ್ಕದ ಮನೆಯ ಬಡ ವಿದ್ಯಾರ್ಥಿಯ ಹೆಸರನ್ನೂ ಕೆಡಿಸುತ್ತದೆ. ಮೂರನೆಯದಾಗಿ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರತಿಭಾವಂತನಿಗೆ ತರಬೇತಿಯ ಶುಲ್ಕವೇ ಅಡ್ಡಗೋಡೆಯಾಗಬಾರದು. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರಿಗೆ ಕೊರತೆಯಿಲ್ಲ, ಸಂಜೆಯ ಹೊತ್ತು ಸಭಾಭವನಗಳು ಖಾಲಿಯಾಗಿರುತ್ತವೆ. ಇವೆರಡನ್ನು ಕೂಡಿಸಲು ಬೇಕಾದುದು ಹಣವಲ್ಲ, ಮನಸ್ಸು.

ಅಂಕ ಕಡಿಮೆ ಬಂದ ಮಗುವನ್ನು ಮನೆಯಲ್ಲಿ ಹೀಗಳೆಯದಿರೋಣ. ಆ ಪರೀಕ್ಷೆ ಅಳೆದದ್ದು ಒಂದು ಭಾಷೆಯ ಬಳಕೆಯನ್ನು ಮಾತ್ರ. ಬುದ್ಧಿಯನ್ನಲ್ಲ, ಆತ್ಮವನ್ನಂತೂ ಅಲ್ಲವೇ ಅಲ್ಲ. ಪಂಚಾಶತ್ತಮದ ದಿನ ಜೆರುಸಲೇಮಿನಲ್ಲಿ ನೆರೆದ ಪರದೇಶಿಗಳು ಪ್ರೇಷಿತರ ಬೋಧನೆಯನ್ನು ತಮ್ಮ ತಮ್ಮ ತಾಯ್ನುಡಿಯಲ್ಲೇ ಕೇಳಿದರು. ಪವಿತ್ರಾತ್ಮರು ಯಾರನ್ನೂ ಉಚ್ಚಾರಣೆಗಾಗಿ ಹೊರಗೆ ನಿಲ್ಲಿಸಲಿಲ್ಲ. ಕಡವಿನಲ್ಲಿ ನಿಂತು ತಡೆಯುವ ನುಡಿಯೂ ಇದೆ, ಕೈಹಿಡಿದು ದಾಟಿಸುವ ನುಡಿಯೂ ಇದೆ. ನಮ್ಮ ಮಕ್ಕಳಿಗೆ ನಾವು ಎರಡನೆಯದನ್ನೇ ಆಡೋಣ.