ಹಂದಿಗೋಡು ಪಟ್ಟಿಯಲ್ಲಿ ಏಕಿಲ್ಲ?



ಅಪರೂಪದ ಕಾಯಿಲೆ ಇರುವವರಿಗೆ ಕೇಂದ್ರ ಸರ್ಕಾರ ತಲಾ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೊಡಲಿ, ಸಂತೋಷ. ಆದರೆ 2021ರ ಮಾರ್ಚ್‌ನಲ್ಲಿ ಹೊರಬಿದ್ದ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯನ್ನು ತೆರೆದು ಅದರಲ್ಲಿ ಮೂಳೆ ಕಾಯಿಲೆಗಳು ಯಾವುವಿವೆ ಎಂದು ನೋಡಿ. ಮೂಳೆ ಮಿತಿಮೀರಿ ಗಟ್ಟಿಯಾಗಿ ಒಳಗಿನ ಮಜ್ಜೆಗೇ ಜಾಗ ಇಲ್ಲದಂತೆ ಮಾಡುವ ಆಸ್ಟಿಯೋಪೆಟ್ರೋಸಿಸ್ ಇದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇದೆ. ನಮ್ಮದೇ ರಾಜ್ಯದ ಒಂದು ಹಳ್ಳಿಯ ಹೆಸರು ಹೊತ್ತು ಜಗತ್ತಿನ ವೈದ್ಯಪತ್ರಿಕೆಗಳಲ್ಲಿ ಓಡಾಡಿರುವ ಹಂದಿಗೋಡು ಕಾಯಿಲೆ ಮಾತ್ರ ಇಲ್ಲ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇದು ಕಣ್ಣಿಗೆ ಬಿದ್ದದ್ದು 1974–75ರ ಸುಮಾರಿಗೆ. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಅದೇ ಗದ್ದೆಯಲ್ಲಿ ಹಿಡಿದು ತಿಂದ ಏಡಿಯ ಮೇಲೆ ಮೊದಲು ಅನುಮಾನ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ, 1977ರಲ್ಲೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಮುಂದೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನು ಕೂಲಂಕಷವಾಗಿ ನೋಡಿ, ಬೆನ್ನುಮೂಳೆಯ ಮಣಿಗಳು ಮತ್ತು ಉದ್ದ ಮೂಳೆಗಳ ತುದಿಗಳು ಸರಿಯಾಗಿ ಬೆಳೆಯದ, ತಂದೆ ಅಥವಾ ತಾಯಿಯಿಂದ ನೇರವಾಗಿ ಇಳಿದುಬರುವ ವಂಶವಾಹಿ ದೋಷ ಇದು ಎಂದು 1994ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಕೀಲುಬೇನೆಗೂ ಇದಕ್ಕೂ ಹೋಲಿಕೆ ಇದೆಯೇ ಎಂಬ ಚರ್ಚೆಯೂ ನಡೆದುಹೋಯಿತು. ಇಷ್ಟಾದ ಮೇಲೂ ಟಿ.ವಿ.ಯಲ್ಲಿ ಹಂದಿಗೋಡಿನ ಸುದ್ದಿ ಬಂದರೆ ಹಿನ್ನೆಲೆಗೆ ಭೂತದ ಸಿನಿಮಾದ ಸಂಗೀತ.

ಈ ಕಾಯಿಲೆ ದೇಹಕ್ಕೆ ಮಾಡುವುದೇನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಮಗು ಹುಟ್ಟುವಾಗ ಎಲ್ಲರ ಮಕ್ಕಳಂತೆಯೇ ಇರುತ್ತದೆ. ಬೆಳೆಯುತ್ತ ಸೊಂಟದ ಕೀಲಿನಲ್ಲಿ, ಮಂಡಿಯಲ್ಲಿ ನೋವು ಶುರು. ತೊಡೆಮೂಳೆಯ ಗುಂಡು ತಲೆ ಚಪ್ಪಟೆಯಾಗಿ, ಮೃದ್ವಸ್ಥಿ ಸವೆದು, ಮುಪ್ಪಿನಲ್ಲಿ ಬರಬೇಕಾದ ಸಂಧಿವಾತ ಹರೆಯದಲ್ಲೇ ಬಂದು ಕೂರುತ್ತದೆ. ಕೆಲವರಿಗೆ ಕಾಯಿಲೆ ಸೊಂಟಕ್ಕೇ ನಿಲ್ಲುತ್ತದೆ, ಎತ್ತರಕ್ಕೆ ಹೆಚ್ಚೇನೂ ಧಕ್ಕೆ ಇಲ್ಲ. ಕೆಲವರಿಗೆ ಬೆನ್ನಿನ ಮಣಿಗಳೂ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಇನ್ನು ಕೆಲವರು ಕೈಕಾಲೂ ಬೆಳೆಯದೆ ತೀರಾ ಕುಳ್ಳಾಗಿ ಉಳಿಯುತ್ತಾರೆ, ನಡೆಯಲಾರದೆ ತೆವಳುವವರೂ ಇದ್ದಾರೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದು ಹೆಚ್ಚಾಗಿ ಕಂಡದ್ದು ಛಲವಾದಿ ಮತ್ತು ಚನ್ನಂಗಿ ಸಮುದಾಯಗಳ ಬಡ ಕೂಲಿ ಕುಟುಂಬಗಳಲ್ಲಿ. ಜಾತಿಗೂ ಮೂಳೆಗೂ ಸಂಬಂಧವಿಲ್ಲ; ಒಳಗೊಳಗೇ ಮದುವೆಯಾಗುವ ಚಿಕ್ಕ ಸಮುದಾಯದಲ್ಲಿ ಒಂದು ದೋಷ ಅಲ್ಲಲ್ಲೇ ಸುತ್ತುತ್ತಿರುತ್ತದೆ, ಅಷ್ಟೆ. ಆದರೆ ನಾಟಿ, ಕಳೆ, ಕೊಯ್ಲು ಎಂದು ದಿನವಿಡೀ ಸೊಂಟ ಬಗ್ಗಿಸಿಯೇ ಅನ್ನ ದುಡಿಯಬೇಕಾದವರ ಸೊಂಟಕ್ಕೇ ಈ ಕಾಯಿಲೆ ಬಂದಿದೆ. ಪಟ್ಟಿಯಲ್ಲಿ ಹೆಸರು ಸೇರಿಸಲು ಕೂಗುವ ದನಿ ಏಕೆ ಇಲ್ಲ ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದಕ್ಕೆ ಔಷಧಿಯೇ ಇಲ್ಲವಲ್ಲ, ಪಟ್ಟಿಗೆ ಸೇರಿಸಿ ಏನು ಪ್ರಯೋಜನ ಎಂದು ಅಧಿಕಾರಿಗಳು ಕೇಳಬಹುದು. ಚಿಕಿತ್ಸೆ ಎಂದರೆ ದುಬಾರಿ ಇಂಜೆಕ್ಷನ್ ಮಾತ್ರವೇ? ಸವೆದ ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ ಇದೆ, ಫಿಸಿಯೋಥೆರಪಿ ಇದೆ. ಎಲ್ಲಕ್ಕಿಂತ ಅಗ್ಗವಾದ ವಂಶವಾಹಿ ಸಮಾಲೋಚನೆ ಇದೆ. ದೋಷ ಇರುವವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಎರಡರಲ್ಲೊಂದು. ದಾಟದೆ ಉಳಿದ ಮಗು ಮುಂದೆ ಯಾರಿಗೂ ಅದನ್ನು ಕೊಡುವುದಿಲ್ಲ. ಈ ಎರಡನೆಯ ಮಾತನ್ನು ಆ ಊರಿನ ಹೆಣ್ಣುಮಕ್ಕಳ ಮನೆಗೆ ಹೋಗಿ ಯಾರಾದರೂ ವಿವರಿಸಿದರೆ ಎಷ್ಟೋ ಸಂಬಂಧಗಳು ಮುರಿಯುವುದು ತಪ್ಪೀತು. ಯಾರಿಗೆ ದಾಟಿದೆ ಎಂಬುದು ಹುಟ್ಟಿದಾಗ ಮುಖ ನೋಡಿದರೆ ತಿಳಿಯದು. ಆದ್ದರಿಂದಲೇ ತಿಳಿದವರು ಕೂತು ಮಾತಾಡಬೇಕು. ಅರಸೀಕೆರೆ ತಾಲ್ಲೂಕಿನ ನಮ್ಮ ಹಾರನಹಳ್ಳಿಯ ಹೆಸರು ನಿಮ್ಮ ಪತ್ರಿಕೆಯ ಪುಟಗಳಿಗೆ ಬರುವುದು ಹೊಯ್ಸಳರ ದೇಗುಲಕ್ಕಾಗಿ, ಇಲ್ಲವೇ ಕೋಡಿಮಠದ ಭವಿಷ್ಯವಾಣಿಗಾಗಿ. ಭವಿಷ್ಯ ಕೇಳಲು ಅಷ್ಟು ದೂರದಿಂದ ಬರುವ ಜನ ಮೂಳೆಯ ಭವಿಷ್ಯ ಹೇಳುವ ವೈದ್ಯರನ್ನೂ ಸರ್ಕಾರದಿಂದ ಕೇಳಲಿ ಎಂಬುದಷ್ಟೇ ನನ್ನ ಆಸೆ.

ಮಲೆನಾಡಿನ ಕಾಯಿಲೆಗೆ ಅರೆಮಲೆನಾಡೂ ಅಲ್ಲದ ಅರಸೀಕೆರೆಯವನಿಗೆ ಏನು ಉಸಾಬರಿ ಎನ್ನಬೇಡಿ. ಚಿಕ್ಕಮಗಳೂರು ಜಿಲ್ಲೆಯ ಕಡೂರು ನಮ್ಮ ಗಡಿಗೆ ಅಂಟಿಕೊಂಡೇ ಇದೆ. ಅದಕ್ಕಿಂತ ಮುಖ್ಯವಾಗಿ, ವಂಶದಲ್ಲಿ ಬರುವ ಮೂಳೆದೋಷವನ್ನು ಗುರುತಿಸದೆ ಕೈಬಿಡುವ ರೋಗ ಎಲ್ಲ ಕಡೆಯೂ ಒಂದೇ. ನಮ್ಮ ಸೀಮೆಯಲ್ಲಿ ಯಾರಿಗೆ ಕಾಲು ಸೊಟ್ಟಗಾದರೂ ಬೋರ್‌ವೆಲ್ ನೀರನ್ನು ದೂರುತ್ತಾರೆ. ಫ್ಲೋರೈಡ್ ಮೂಳೆ ಕೆಡಿಸುವುದು ನಿಜ. ಆದರೆ ಒಂದೇ ನೀರು ಕುಡಿಯುವ ಬೀದಿಗೆ ಬರುವ ಕಾಯಿಲೆ ಬೇರೆ, ಒಂದೇ ಮನೆತನದಲ್ಲಿ ಅಜ್ಜ, ಮಗ, ಮೊಮ್ಮಗಳು ಎಂದು ಇಳಿಯುವ ಕಾಯಿಲೆ ಬೇರೆ. ಪದೇ ಪದೇ ಕೈ ಮುರಿದುಕೊಳ್ಳುವ ಮಗುವಿಗೆ ತುಂಟತನ ಜಾಸ್ತಿ ಎಂದು ಗದರಿ, ನಾಟಿ ವೈದ್ಯರಲ್ಲಿ ಕಟ್ಟು ಹಾಕಿಸಿ, ಕ್ಯಾಲ್ಸಿಯಂ ಮಾತ್ರೆ ನುಂಗಿಸುವುದು ವಾಡಿಕೆ. ಆ ಮಗುವಿನ ಕಣ್ಣಿನ ಬಿಳಿಭಾಗ ನೀಲಿಛಾಯೆಯಲ್ಲಿದೆಯೇ, ಹಲ್ಲು ಪುಡಿಯಾಗುತ್ತಿದೆಯೇ ಎಂದು ನೋಡಿದರೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದ ಸುಳಿವು ಸಿಗಬಹುದು. ಮೂಳೆಗೆ ಬಲ ಕೊಡುವ ಬಿಸ್ಫಾಸ್ಫೊನೇಟ್ ಚಿಕಿತ್ಸೆಯನ್ನು ಬಾಲ್ಯದಲ್ಲೇ ಶುರು ಮಾಡಬಹುದು. ಆದರೆ ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಕೈಯಲ್ಲಿರುವ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟ ಪಾದವಿದೆ, ಹುಟ್ಟಿನಿಂದ ಜಾರಿದ ಸೊಂಟದ ಕೀಲಿದೆ, ರಿಕೆಟ್ಸ್ ಇದೆ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇಲ್ಲ.

ಅಂಗವಿಕಲತೆಯ ಪ್ರಮಾಣಪತ್ರದ ಕಥೆಯೂ ಇದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು ಅಂಗವಿಕಲತೆ ಎಂದು ಒಪ್ಪಿಕೊಂಡಿತು, ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ. ಹಂದಿಗೋಡಿನಲ್ಲಿ ಎತ್ತರ ಸರಿಯಿದ್ದು ಸೊಂಟ ಹೋದವರು ಈ ಅಳತೆಗೆ ಸಿಗುವುದಿಲ್ಲ. ಕೀಲಿನ ಚಲನೆ ಅಳೆದು, ಅಂಗವಿಕಲತೆ ಕನಿಷ್ಠ ಶೇಕಡ 40 ಇದೆ ಎಂದು ತೋರಿಸಬೇಕು. ಬೆಳಿಗ್ಗೆ ಏಳಲಾರದವರೂ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೆಜ್ಜೆ ಹಾಕಿಯಾರು. ನೋವನ್ನು ಅಳೆಯುವ ಟೇಪು ಇನ್ನೂ ಬಂದಿಲ್ಲ.

ನಮ್ಮ ರಾಜ್ಯದಲ್ಲಿ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿರುವುದು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿಸಿ. ಅಲ್ಲಿನವರ ಕೆಲಸದ ಬಗ್ಗೆ ಗೌರವವಿದೆ. ನಮಗಾದರೆ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿದರಾಯಿತು. ಸಾಗರದ ಒಳಹಳ್ಳಿಯಿಂದ, ಕಾಲು ಮಡಿಸಲಾಗದ ಮಗಳನ್ನು ಕಟ್ಟಿಕೊಂಡು, ಒಂದು ದಿನದ ಕೂಲಿ ಬಿಟ್ಟು ಬರುವವರ ಪಾಡು ಬೇರೆ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ತಜ್ಞರು ತಿಂಗಳಿಗೊಂದು ದಿನ ಅಲ್ಲಿ ಬಂದು ಕೂರುವ ವ್ಯವಸ್ಥೆಗೆ ದೆಹಲಿಯ ಅಪ್ಪಣೆ ಬೇಕಿಲ್ಲ, ರಾಜ್ಯದ ಆರೋಗ್ಯ ಇಲಾಖೆಯ ಒಂದು ಆದೇಶ ಸಾಕು. ಪಟ್ಟಿಗೆ ಹಂದಿಗೋಡಿನ ಹೆಸರು ಸೇರಿಸಲು ಮಾತ್ರ ದೆಹಲಿಗೆ ಬರೆಯಬೇಕು. ಆ ಪತ್ರವನ್ನು ರಾಜ್ಯ ಸರ್ಕಾರ ಬರೆದಿದೆಯೇ? ಬರೆದಿದ್ದರೆ ಯಾವಾಗ, ಉತ್ತರವೇನು ಬಂತು? ಆರೋಗ್ಯ ಸಚಿವರು ನಿಮ್ಮ ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾದೀತು.

ನಿವೃತ್ತ ಶಿಕ್ಷಕ,
ಹಾರನಹಳ್ಳಿ, ಅರಸೀಕೆರೆ ತಾಲ್ಲೂಕು