ಸೋರುವ ತಾರಸಿಗೆ ಯಾರು ಹೊಣೆ?

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ, ದುರಸ್ತಿ ನಡೆಯುತ್ತಿರುವಾಗಲೇ ನೆಲಕ್ಕುರುಳಿತು. ಅಲ್ಲಿಂದ ಇಲ್ಲಿಯವರೆಗೆ ಒಂದೇ ಮಾತು: ಆಯಸ್ಸು ಮುಗಿದಿದೆ, ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟೋಣ. ಸಮಿತಿಗಳಾದವು, ವರದಿಗಳು ಬಂದವು, ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು.

ನಮ್ಮಪ್ಪ ಗಾರೆ ಕೆಲಸದವರು. ಅವರ ಕೈಕೆಳಗೆ ಕರಣೆ ಹಿಡಿದು ಕಲಿತು, ಆಮೇಲೆ ಸಣ್ಣ ಗುತ್ತಿಗೆದಾರನಾಗಿ ಹಳೇ ಮನೆಗಳ ರಿಪೇರಿಯಲ್ಲೇ ಜೀವನ ಸವೆಸಿದವನು ನಾನು. ಆಯಸ್ಸು ಮುಗಿದಿದೆ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಈ ಊರಿನ ಹಳೇ ಕಟ್ಟಡಗಳಲ್ಲಿ ಹಲವು ಮದ್ರಾಸ್ ತಾರಸಿಯವು. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ ಹರಡಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಕೊಡತಿಯಲ್ಲಿ ಬಡಿಯುತ್ತಿದ್ದರು. ಹಾಗೆ ಬಡಿದ ತಾರಸಿ ನೂರು ವರ್ಷ ತಡೆಯುತ್ತದೆ. ಒಂದೇ ಷರತ್ತು, ಮೇಲೆ ನೀರು ನಿಲ್ಲಬಾರದು. ದೋಣಿಯ ಬಾಯಿಗೆ ಕಸ ಕಟ್ಟಿಕೊಂಡರೆ ನೀರು ಹಿಂದಕ್ಕೆ ಹೊರಳಿ, ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗಕ್ಕೆ ಇಳಿಯುತ್ತದೆ. ಕೆಳಗೆ ನಿಂತವರಿಗೆ ಏನೂ ಕಾಣುವುದಿಲ್ಲ. ತೊಲೆಯ ನಡುಭಾಗ ಕಬ್ಬಿಣದಂತೆ ಗಟ್ಟಿ, ತುದಿ ಮಾತ್ರ ಬೆರಳಲ್ಲಿ ಒತ್ತಿದರೆ ಪುಡಿ. ಇಂಥ ಎಷ್ಟೋ ತೊಲೆಗಳನ್ನು ನಾನೇ ಬಿಚ್ಚಿದ್ದೇನೆ.

ಇನ್ನು ಅರಳಿ ಗಿಡ. ಕೈಪಿಡಿ ಗೋಡೆಯ ಸಂದಿನಲ್ಲಿ ಎರಡೆಲೆ ಬಿಟ್ಟಾಗ ಕಿತ್ತರೆ ಐದು ನಿಮಿಷದ ಕೆಲಸ. ಬಿಟ್ಟರೆ ಬೇರು ಗಾರೆಯನ್ನೇ ದಾರಿ ಮಾಡಿಕೊಂಡು ಗೋಡೆ ಸೀಳುತ್ತದೆ. ಆಗ ಬಿರುಕಿಗೆ ಸಿಮೆಂಟ್ ಮೆತ್ತುತ್ತಾರೆ. ಇದು ನನಗೆ ಅತ್ಯಂತ ಸಂಕಟದ ವಿಷಯ. ಸುಣ್ಣದ ಗೋಡೆ ಕುಡಿದ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಇಟ್ಟಿಗೆ ಒಳಗಿಂದೊಳಗೇ ಕರಗುತ್ತದೆ. ಹತ್ತು ವರ್ಷಕ್ಕೆ ಬೀಳುವ ಹಾಗೆ ನಾವೇ ಮಾಡಿ, ಕಟ್ಟಿಸಿದವರ ಕಾಲವನ್ನು ದೂರುತ್ತೇವೆ.

ಪ್ರತಿ ದಸರೆಗೆ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ದೀಪ ಹಚ್ಚುತ್ತೇವೆ. ಜಂಬೂಸವಾರಿ ಮಾರುಕಟ್ಟೆಯ ಮುಂದೆಯೇ ಹೋಗುತ್ತದೆ. ರಸ್ತೆಗೆ ಕಾಣುವ ಮುಖಕ್ಕೆ ದುಡ್ಡು ಹುಟ್ಟುತ್ತದೆ, ಯಾರ ಕಣ್ಣಿಗೂ ಬೀಳದ ತಾರಸಿಗೆ ಹುಟ್ಟುವುದಿಲ್ಲ.

ಅಪಾಯದ ಗೋಡೆಯ ಕೆಳಗೆ ಜನ ಕೂರಲಿ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಜೀವ ಹೋದ ಮೇಲೆ ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಬಿದ್ದ ಭಾಗವನ್ನು ಕಟ್ಟಬೇಕು, ನಿಂತಿರುವುದಕ್ಕೆ ಆಸರೆ ಕೊಟ್ಟು ಒಂದೊಂದೇ ಅಂಕಣ ರಿಪೇರಿ ಮಾಡಬೇಕು. ಎಲ್ಲ ಮಳಿಗೆಯವರನ್ನೂ ಒಮ್ಮೆಗೇ ಎಬ್ಬಿಸದೆ ಇದನ್ನು ಮಾಡಲು ಸಾಧ್ಯ. ಹೂವು, ವೀಳ್ಯದೆಲೆ, ನಂಜನಗೂಡು ರಸಬಾಳೆ ಮಾರುವವರು ತಲೆಮಾರುಗಳಿಂದ ದೇವರಾಜ ಮಾರುಕಟ್ಟೆಯಲ್ಲಿದ್ದಾರೆ. ಒಮ್ಮೆ ಹೊರಗೆ ಕಳಿಸಿದರೆ ಮತ್ತೆ ಒಳಗೆ ಬರುತ್ತೇವೋ ಇಲ್ಲವೋ ಎಂಬ ಅವರ ಭಯ ಸುಳ್ಳಲ್ಲ. ಕೆಡವಿ ಕಟ್ಟಿದ ಕಾಂಕ್ರೀಟ್ ಕಟ್ಟಡಕ್ಕೆ ಹಳೇ ಕಮಾನು ಅಂಟಿಸಿದರೆ ಅದು ಪಾರಂಪರಿಕ ಕಟ್ಟಡವಾಗುವುದಿಲ್ಲ. ಅದರ ದೋಣಿಗೂ ಕಸ ಕಟ್ಟಿಕೊಳ್ಳುತ್ತದೆ.

ಪಾಲಿಕೆಯ ಬಜೆಟ್‌ನಲ್ಲಿ ಹಳೇ ಕಟ್ಟಡಗಳ ತಾರಸಿಗೆಂದೇ ಒಂದು ಬಾಬ್ತು ಇರಲಿ. ಪ್ರತಿ ಏಪ್ರಿಲ್‌ನಲ್ಲಿ ಸುಣ್ಣದ ಕೆಲಸ ಬಲ್ಲ ಇಬ್ಬರು ಗಾರೆಯವರನ್ನು ಏಣಿ ಹತ್ತಿಸಿ, ಅವರು ಕಂಡದ್ದನ್ನು ಬರೆಸಿ, ಊರಿಗೆಲ್ಲ ಕಾಣುವಂತೆ ಪ್ರಕಟಿಸಲಿ. ನಿಮ್ಮದೇ ಹಳೇ ಮನೆಯಿದ್ದರೆ ನೀವೂ ಮಳೆಗೆ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡಿ, ದೋಣಿಯ ಬಾಯಿ ಬಿಡಿಸಿ.